ತಾಟಿನ ಮೇಲಿನ ಎಣ್ಣೆ

ಗಿಣಿಗೇರಾ

ಕಳಕೇಶಣ್ಣನವರಿಗೆ ಜರೀನಾಳ ಸಲಾಂ.

ನಿಮ್ಮ ದೋಸ್ತರು, ನಮ್ಮ ಯಜಮಾನರು, ತೀರಿಕೊಂಡಾಗ ಅವರು ರಿಮೋಟಿನಿಂದ ಹಾರಿಸುತ್ತಿದ್ದ ದೊಡ್ಡ ಮಾದರಿ ವಿಮಾನವನ್ನು ನೀವು ಕೇಳಿದ್ದಿರಿ. ಈಗ ಬಂದು ಒಯ್ಯಿರಿ. ರೆಕ್ಕೆ ಬಿಚ್ಚಿಟ್ಟಿದ್ದೇನೆ.

ಸುತ್ತಲೂ ಐದು ಸಿಲಿಂಡರ್ ಜೋಡಿಸಿದ ಅದರ ಎಂಜಿನ್ ಸದಾ ಎಣ್ಣೆ ಸೋರುತ್ತಿತ್ತು. ಪಡಸಾಲೆಯ ತುಂಬ ಅದರ ಇಂಧನಕ್ಕೆ ಬೆರೆಸುತ್ತಿದ್ದ ಔಡಲೆಣ್ಣೆಯ, ಅದೇ ಹರಳೆಣ್ಣೆಯ, ವಾಸನೆ. ನಾನು ಬೈದರೆ, "ಸೋರಾಕತ್ತೈತಿ ಅಂದ್ರ ಜೀವ ಐತಿ ಅಂತ ತಿಳ್ಕೋ" ಎಂದು ನಕ್ಕು, ನನ್ನದೇ ಅಡುಗೆಮನೆಯ ತಾಟೊಂದನ್ನು ಅದರ ಕೆಳಗೆ ಇಡುತ್ತಿದ್ದರು.

ಚಾಲೂ ಮಾಡುವ ಮೊದಲು ವಿಮಾನದ ಮೂತಿಯ ಪಂಖವನ್ನು ಕೈಯಿಂದ ತಿರುಗಿಸಬೇಕು, ಬಿಗಿಯಾದರೆ ಜೋರು ಮಾಡಬಾರದು, ಕೆಳಗಿನ ಸಿಲಿಂಡರಿನಲ್ಲಿ ಎಣ್ಣೆ ನಿಂತಿರುತ್ತದೆ ಎಂದು ನನಗೂ ಕಲಿಸಿದ್ದರು. ಅವರು ಹೋದ ಮೇಲೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ನಾನೇ ತಿರುಗಿಸುತ್ತಿದ್ದೆ. ಪ್ರತಿ ಸಲ ತಾಟಿಗೆ ಹನಿ ಬೀಳುತ್ತಿತ್ತು.

ಈಗೀಗ ಪಂಖ ಹಗುರಾಗಿ ತಿರುಗುತ್ತದೆ. ತಾಟು ಒಣಗಿದೆ.

ನನ್ನದೊಂದು ಮಾತು ನಡೆಸಿಕೊಡಿರಿ. ಒಯ್ಯುವ ಮೊದಲು ನಮ್ಮ ಅಂಗಳದಲ್ಲಿ ಒಮ್ಮೆ ಎಂಜಿನ್ ಚಾಲೂ ಮಾಡಿ, ಒಂದು ದಿನ ಇಲ್ಲೇ ತಾಟಿನ ಮೇಲೆ ಸೋರಲು ಬಿಡಿರಿ. ತಾಟು ನನಗಿರಲಿ.

ನಿನ್ನೆ ಪೇಟೆಯಿಂದ ನಾನೇ ಔಡಲೆಣ್ಣೆ ತಂದೆ. ಎಂಜಿನ್ನಿಗೆ ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ. ನಾಲ್ಕು ಹನಿ ತಾಟಿಗೇ ಬಿಟ್ಟೆ.

ನಿಮ್ಮ ತಂಗಿ,
ಜರೀನಾ