ಮೂರನೇ ವಾರದ ಸಹಿ

ಊದ್ ಮೇಥಾ, ದುಬೈ
9 ಅಕ್ಟೋಬರ್ 2015, ಶುಕ್ರವಾರ

ಪ್ರೀತಿಯ ಮೈಮೂನ,

ನಿನಗೂ ಮನೆಯವರಿಗೂ ನನ್ನ ನೆನಪುಗಳು. ಬಕ್ರೀದಿಗೆ ನೀನು ಕಳಿಸಿದ ಸಂದೇಶಕ್ಕೆ ಇನ್ನೂ ಉತ್ತರಿಸಿಲ್ಲ, ತಪ್ಪಾಯಿತು ಮಾರಾಯ್ತಿ. ಬೈಯುವುದಿದ್ದರೆ ಪತ್ರ ಪೂರ್ತಿ ಓದಿದ ಮೇಲೆ ಬೈ. ವಾಟ್ಸಾಪಿನಲ್ಲಿ ಬರೆದರೆ ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ಪಕ್ಕದ ಮನೆಯ ಕ್ಯಾಮಿಲಸ್ ನಾಡಿದ್ದು ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನಮ್ಮ ಯಜಮಾನರು ಆನ್ಸೆಲ್ಮ್ ಇಲ್ಲಿಯ ಜೆಬೆಲ್ ಅಲಿ ಗೋದಾಮಿನ ಕೆಲಸ ಬಿಟ್ಟು ಸೆಪ್ಟೆಂಬರಿನಲ್ಲಿ ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಕಂಪೆನಿ ಸೇರಿದರು. ವಾರವಿಡೀ ಅಲ್ಲೇ. ಗುರುವಾರ ಸಂಜೆ ಬಸ್ಸಿನಲ್ಲಿ ಮನೆಗೆ ಬರುತ್ತಾರೆ, ಶನಿವಾರ ಹೋಗುತ್ತಾರೆ. "ನೀವೂ ಅಲ್ಲಿಗೇ ಬರುವುದಲ್ವಾ" ಎಂದು ಅವಸರದಲ್ಲಿ ಮಗ ಎಲ್ರಾಯ್‌ನ ಟಿ.ಸಿ. ತೆಗೆಸಿಬಿಟ್ಟರು. ಅಬುಧಾಬಿಯ ಶಾಲೆಯವರೋ, ನವೆಂಬರ್ ಒಂದಕ್ಕೆ ಪರೀಕ್ಷೆ, ಪಾಸಾದರೆ ಮಾತ್ರ ನಾಲ್ಕನೇ ತರಗತಿಗೆ ಸೀಟು ಎಂದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗಾಯಿತು.

ಹುಡುಗನಿಗೆ ಸೀಟು ಸಿಗದಿದ್ದರೆ ನಾವಿಬ್ಬರೂ ಊರಿಗೆ, ಅವರೊಬ್ಬರೇ ಇಲ್ಲಿ. ಹತ್ತು ವರ್ಷದಲ್ಲಿ ನಾವು ಮೂವರು ಒಂದು ತಿಂಗಳೂ ಬೇರೆ ಇದ್ದವರಲ್ಲ. ಅದಕ್ಕೇ ಈ ಅಕ್ಟೋಬರ್ ಪೂರ್ತಿ ನಮ್ಮ ಊಟದ ಮೇಜೇ ಶಾಲೆ, ನಾನೇ ಟೀಚರ್.

ಟೀಚರ್ ಟ್ರೈನಿಂಗಿನಲ್ಲಿ ನಾವಿಬ್ಬರು ಗೆರೆ ಎಳೆದು ಪಾಠ ಟಿಪ್ಪಣಿ ಬರೆಯುತ್ತಿದ್ದೆವಲ್ಲ, ಅದೇ ಕ್ರಮದಲ್ಲಿ ನಾಲ್ಕು ವಾರಕ್ಕೆ ನಾಲ್ಕು ಹಾಳೆ ಬರೆದಿದ್ದೇನೆ. ಭಾನುವಾರದಿಂದ ಗುರುವಾರ ಪಾಠ, ಶುಕ್ರವಾರ ಇಗರ್ಜಿಯಲ್ಲಿ ಪೂಜೆ. ಅಕ್ಟೋಬರ್ ನಮಗೆ ಜಪಸರದ ತಿಂಗಳು, ಆದ್ದರಿಂದ ದಿನವೂ ಪ್ರಾರ್ಥನೆಯಿಂದಲೇ ಶುರು. ಹತ್ತರ ಮಗ್ಗಿಯನ್ನೂ ಜಪಸರದ ಹತ್ತತ್ತು ಮಣಿಗಳಲ್ಲೇ ಹೇಳಿಕೊಟ್ಟೆ. "ಹತ್ತೈದ್ಲಿ ಐವತ್ತು" ಎಂದರೆ, "ನೋ ಮಮ್ಮಾ, ಫಿಫ್ಟಿ ತ್ರೀ. ಸ್ಟಾರ್ಟಿಂಗಲ್ಲಿ ತ್ರೀ ಬೀಡ್ಸ್ ಉಂಟು" ಎಂದು ನನ್ನನ್ನೇ ತಿದ್ದಿದ. ನಮ್ಮ ಹೊಸ ತೆನೆಯ ಹಬ್ಬ ಮೊಂತಿಗೆ ಅತ್ತೆ ಕಳಿಸಿದ್ದ ಭತ್ತವನ್ನು ವಿಜ್ಞಾನ ಪಾಠಕ್ಕೆ ಇಟ್ಟುಕೊಂಡೆ. ಅಕ್ಕಿಗೆ ಸಿಪ್ಪೆ ಇರುತ್ತದೆಂದು ಅವನಿಗೆ ಈಗ ಗೊತ್ತಾಯಿತು. ನಗಬೇಡ.

ಹೆಡ್‌ಮಾಸ್ಟರ ಸಹಿಯಿಲ್ಲದ ಟಿಪ್ಪಣಿ ಹಿಡಿದು ತರಗತಿಗೆ ಕಾಲಿಡಬಾರದು ಎಂದು ನಮಗೆ ಕಲಿಸಿದ್ದು ನೆನಪುಂಟಲ್ಲ? ಇಲ್ಲಿ ಆನ್ಸೆಲ್ಮ್ ಹೆಡ್‌ಮಾಸ್ಟರ್. ಕಳೆದ ಶನಿವಾರ ಮೊದಲೆರಡು ವಾರಕ್ಕೆ ನಗುತ್ತಾ ಸಹಿ ಹಾಕಿದರು. ಮೂರನೆಯದನ್ನು ಮುಂದಿಟ್ಟರೆ ಪೆನ್ನು ಮುಚ್ಚಿ, "ನಿಧಾನ ನೋಡುವ ಡೊರೊತಿ, ಈಗಲೇ ಎಂತ ಅರ್ಜೆಂಟ್?" ಎಂದರು. ಇವತ್ತು ಪೂಜೆ ಮುಗಿಸಿ ಬಂದ ಮೇಲೆ ಮತ್ತೆ ಕೇಳಿದೆ. "ಆಯ್ತು, ಆಯ್ತು" ಎನ್ನುತ್ತಾ ಚಪ್ಪಲಿ ಮೆಟ್ಟಿ ಮೊಸರು ತರಲು ಹೋದರು. ಮೊಸರು ಫ್ರಿಜ್ಜಿನಲ್ಲಿತ್ತು. ಎಲ್ರಾಯ್ ಹಾಳೆ ಹಿಡಿದು, "ಮಮ್ಮಾ, ಡ್ಯಾಡಿ ಡಿಡಂಟ್ ಸೈನ್" ಎಂದು ಮನೆಯಿಡೀ ತಿರುಗಿದ. ನನ್ನ ಪಾಠ ಸರಿಯಿಲ್ಲವೋ, ಹುಡುಗ ಪಾಸಾಗುವುದಿಲ್ಲವೆಂದು ಅವರಿಗೆ ಅನಿಸಿದೆಯೋ, ತಿಳಿಯುತ್ತಿಲ್ಲ. ನಾಲ್ಕೂ ಹಾಳೆಗಳ ನಕಲು ಇದರ ಜೊತೆಗಿದೆ. ನೀನು ಊರಿನ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವವಳು. ಭಾಗಾಕಾರಕ್ಕೆ ಒಂದು ವಾರ ಸಾಕೇ, ದಾಕ್ಷಿಣ್ಯ ಬಿಟ್ಟು ಹೇಳು.

ಮಂಡಿನೋವಿಗೆ ಔಷಧಿ ತಪ್ಪಿಸಬೇಡ. ನಿನ್ನ ಮಕ್ಕಳಿಗೆ ನನ್ನ ಮುದ್ದು. ದೇವರು ನಿನ್ನ ಮನೆಯಲ್ಲಿ ನಗು ಆರದ ಹಾಗೆ ಕಾಯಲಿ.

ನಿನ್ನ
ಡೊರೊತಿ

ತಾ.ಕ.: ಶನಿವಾರ ಮಧ್ಯಾಹ್ನ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ.

ನಿನ್ನೆ ಊಟವಾದ ಮೇಲೆ ಇಸ್ತ್ರಿ ಮಾಡಿದ ಅಂಗಿಗಳನ್ನು ಅವರ ಬ್ಯಾಗಿಗೆ ಇಡುತ್ತಿದ್ದಾಗ ಅಡಿಯಲ್ಲಿ ಕಂಪೆನಿಯ ಕಾಗದ ಸಿಕ್ಕಿತು. ಅವರ ಹುದ್ದೆಗೆ ಫ್ಯಾಮಿಲಿ ವೀಸಾ ಇಲ್ಲವಂತೆ. ಮೂರು ವಾರ ಹಿಂದಿನ ತಾರೀಕು. ಅದರೊಳಗೆ ಮಡಚಿಟ್ಟ ಎರಡು ಟಿಕೆಟ್, ಮಂಗಳೂರಿಗೆ, ಬರುವ ಶನಿವಾರ ಹದಿನೇಳಕ್ಕೆ. ಒಂದರಲ್ಲಿ ನನ್ನ ಹೆಸರು, ಒಂದರಲ್ಲಿ ಎಲ್ರಾಯ್‌ನದು. ವಾಪಸ್ ಬರುವ ತಾರೀಕಿಲ್ಲ. ಮೂರನೇ ವಾರ ಶುರುವಾಗುವುದು ಹದಿನೆಂಟಕ್ಕೆ, ಮೈಮೂನ.

ಎಲ್ಲವನ್ನೂ ಇದ್ದ ಹಾಗೇ ಇಟ್ಟೆ. ಜಗಳ ಮಾಡಬೇಕೆಂದುಕೊಂಡೆ, ಬಿಟ್ಟೆ. ನನಗೆ ಹೇಳಲು ಅವರಿಗೇ ಬಾಯಿ ಬಂದಿಲ್ಲವಲ್ಲ. ಮೂರನೇ ವಾರದ ಹಾಳೆ ಹರಿದು ಹೊಸದು ಬರೆದೆ. ಭಾಗಾಕಾರ ತೆಗೆದೆ. ಇಲ್ಲಿಯ ಶಾಲೆಯಲ್ಲಿ ಎಲ್ರಾಯ್ ಕಲಿಯದ ಕನ್ನಡ ಹಾಕಿದೆ. ಭಾನುವಾರ ಸ್ವರಗಳು, ಸೋಮವಾರ ಕ ಖ ಗ.

ಇವತ್ತು ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಅದನ್ನು ಅವರ ಮುಂದಿಟ್ಟೆ. ಮೇಲಿಂದ ಕೆಳಗಿನವರೆಗೆ ಓದಿದರು. ಪೆನ್ನು ತೆಗೆದು ಸಹಿ ಹಾಕಿದರು.

ನಿನ್ನ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಒಬ್ಬ ಹುಡುಗನಿಗೆ ಜಾಗ ಇದೆಯೇ?