ಜಿಗಣೆಯೋ ತಗಡಿನ ಮೀನೋ

ಜೂನ್ ೧೬, ಮಂಗಳವಾರ

ಈ ಗಂಡನ ಜೊತೆ ಏಗಿ ಸಾಕಾಯಿತು. ಗುರುವಾರ ಮೀನು ಹಿಡಿಯಲು ದೋಣಿಯಲ್ಲಿ ಹೊರಡಬೇಕು, ಗಾಳದ ಪೆಟ್ಟಿಗೆ ಇನ್ನೂ ಅಡುಗೆಮನೆಯ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದೆ. ಆರ್ವೋ ಬೆಳಗಿನಿಂದ ಅದಕ್ಕೆ, ಮೀನನ್ನು ಮರುಳು ಮಾಡಲು ಗಾಳಕ್ಕೆ ಕಟ್ಟುವ ತಗಡಿನ ಮೀನುಗಳನ್ನು ತುಂಬುತ್ತಾನೆ, ತೆಗೆಯುತ್ತಾನೆ, ಮತ್ತೆ ತುಂಬುತ್ತಾನೆ. ಒಂದು ಸರೋವರದಿಂದ ಇನ್ನೊಂದಕ್ಕೆ ಕಾಡಿನ ದಾರಿಯಲ್ಲಿ ಆ ಪೆಟ್ಟಿಗೆ ಹೊರುವವಳು ನಾನು. ಅವನ ಭುಜದ ಆಪರೇಷನ್ ಆಗಿದ್ದು ಈ ವಸಂತದಲ್ಲಿ.

"ಗಾಳಕ್ಕೆ ಚುಚ್ಚೋಕೆ ಜಿಗಣೆ ತಗೊಂಡು ಹೋಗೋಣ, ಹಗುರ," ಅಂದೆ.

"ಜಿಗಣೆ ಚುಚ್ಚಿ ಬೆಂಡು ನೋಡ್ತಾ ಕೂರೋದು ಮಕ್ಕಳಾಟ ಕಣೇ, ಐಲಾ. ಮೀನು ಹಿಡಿಯೋನು ಗಾಳ ಬೀಸ್ಬೇಕು."

ಸಂಜೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದರೆ, ಅವನು ಹುಲ್ಲಿನ ಮೇಲೆ ನಿಂತು ಗಾಳ ಬೀಸಿ ನೋಡುತ್ತಿದ್ದ. ತೋಳು ಎದೆಮಟ್ಟಕ್ಕಿಂತ ಮೇಲೇಳಲಿಲ್ಲ. ತಗಡು ಕಾಲಬುಡದಲ್ಲೇ ಬಿತ್ತು. ಮತ್ತೆ ಬೀಸಿದ, ಮತ್ತೆ ಅಲ್ಲೇ. ಸದ್ದಿಲ್ಲದೆ ಒಳಗೆ ಬಂದೆ. ಕೈಲಾಗಲ್ಲ ಅಂತ ಬಾಯಿಬಿಟ್ಟು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು!

ಊಟಕ್ಕೆ ಕೂತಾಗ ಹೇಳಿದೆ: "ಈ ಸಲ ಬೀಸೋದು ನನ್ನ ಕೈಲಾಗಲ್ಲ, ಸೊಂಟ ನೋವು. ಜಿಗಣೆ ತರ್ತೀನಿ. ನೀನೂ ನನ್ನ ಜೊತೆ ಕೂತ್ಕೋ."

ತುಂಬ ಹೊತ್ತು ಆಲೂಗಡ್ಡೆ ಕೆದಕಿದ. "ಸರಿ, ನಿನಗೋಸ್ಕರ," ಅಂದ.

ಅಷ್ಟಕ್ಕೇ ಬಿಟ್ಟನೇ? ಜಿಗಣೆ ಚುಚ್ಚುವುದು ಹೇಗೆಂದು ನನಗೇ ಪಾಠ. ಈಗ ಪಕ್ಕದ ಕೋಣೆಯಿಂದ ಫೋನಿನಲ್ಲಿ ತಮ್ಮನಿಗೆ ಹೇಳುತ್ತಿದ್ದಾನೆ: "ಏನ್ಮಾಡೋದಪ್ಪ, ಐಲಾಗೆ ವಯಸ್ಸಾಯ್ತು!"

ನನಗೆ ವಯಸ್ಸಾಯಿತಂತೆ! ಎದ್ದು ಹೋಗಿ ಚೆನ್ನಾಗಿ ಅನ್ನೋಣ ಅಂದುಕೊಂಡೆ. ಅಷ್ಟರಲ್ಲಿ ಜೋರಾಗಿ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಹೀಗೆ ನಕ್ಕಿದ್ದು ಇದೇ ಮೊದಲು. ಕೂತೇ ಇದ್ದೇನೆ, ಹಲ್ಲು ಕಚ್ಚಿಕೊಂಡು.