ಅಪಾಯ ಕಳೆದಿದೆ ಎಂದು ಹೇಳುವವರು ಯಾರು?

ಹಳೆಯ ರೇಡಿಯೊ ನಿಲಯದ ಸಂಗ್ರಹಾಲಯದ ಮೇಲಧಿಕಾರಿಗಳಿಗೆ,

ಮಾನ್ಯರೇ,

‘ಈ ಮೈಕು ಕೆಲಸ ಮಾಡುವುದಿಲ್ಲ’ ಎಂದು ಫಲಕ ಹಾಕಿರುವ ನಿಮ್ಮ ಮೈಕು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೆಟ್ಟಿದೆಯೆಂದು ಕಚೇರಿಯೇ ಒಪ್ಪಿಕೊಂಡ ವಸ್ತುವೊಂದು ಸರಿಯಾಗಿರುವುದನ್ನು ಜನ್ಮದಲ್ಲಿ ಮೊದಲ ಸಲ ಕಂಡೆ. ಅಭಿನಂದನೆ ಹೇಳಿ ಸುಮ್ಮನಿರಬಹುದಿತ್ತು. ಆದರೆ ಅದರ ಮುಂದೆ ಕೂತ ಮೂರ್ಖ ನಾನೇ ಆದ್ದರಿಂದ ಈ ಪತ್ರ.

ನಾನು ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುವವನು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕಂಚಿನ ಕಂಠದಲ್ಲಿ ಸಾರುತ್ತೇನೆ. ಜನ ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಯೌವನದಲ್ಲಿ ರೇಡಿಯೊದ ಧ್ವನಿ ಪರೀಕ್ಷೆಗೆ ಹೋಗಿದ್ದೆ. ‘ದನಿ ದೊಡ್ಡದು’ ಎಂದಷ್ಟೇ ಹೇಳಿ ಬಾಗಿಲು ತೋರಿಸಿದರು. ಅದು ಹೊಗಳಿಕೆಯೆಂದೇ ಇಂದಿಗೂ ನಂಬಿದ್ದೇನೆ. ಇಂಥವನಿಗೆ ಯುದ್ಧಕಾಲದಲ್ಲಿ ಇಡೀ ಊರನ್ನು ಎಚ್ಚರಿಸಿದ ಕೋಣೆ, ಅದೇ ಕುರ್ಚಿ, ಗಾಜಿನಡಿಯಲ್ಲಿ ಅಂದಿನ ಎಚ್ಚರಿಕೆಯ ಒಕ್ಕಣೆ, ‘ಕೂತು ಓದಿ ನೋಡಿ’ ಎಂಬ ಆಹ್ವಾನ. ಮೊದಲೇ ಮಂಗ, ಅದಕ್ಕೆ ಹೆಂಡ ಕುಡಿಸಿದವರು ತಾವಲ್ಲವೇ?

“ಸಾಕು ಬನ್ರೀ, ಹೊರಗೆ ಅಮ್ಮ ಒಬ್ಬರೇ ಕೂತಿದ್ದಾರೆ” ಎಂದಳು ನನ್ನ ಹೆಂಡತಿ. ಅವಳ ತಾಯಿ ಯುದ್ಧದ ಕಾಲದಲ್ಲಿ ನಿಮ್ಮ ನಿಲಯದ ಬೀದಿಯಲ್ಲೇ ಬೆಳೆದ ಹುಡುಗಿ. ಒಳಗೆ ಕರೆದರೆ, “ನೀವು ನೋಡ್ಕೊಂಡು ಬನ್ನಿ ಅಳಿಯಂದಿರೇ, ನಾನು ಕೇಳಿದ್ದೇ ಸಾಕಾಗಿದೆ” ಎಂದು ಅಂಗಳದ ಬೆಂಚಿನ ಮೇಲೆ ಉಳಿದಿದ್ದರು.

ಓದಿದೆ. “ಶತ್ರು ವಿಮಾನಗಳು ಸಮೀಪಿಸುತ್ತಿವೆ. ದೀಪ ಆರಿಸಿ. ನೆಲಮಾಳಿಗೆ ಸೇರಿ.” ಎರಡನೆಯ ಸಲ ಇನ್ನಷ್ಟು ಭಾವ ತುಂಬಿ ಓದಿದೆ. ದನಿ ಎಲ್ಲೆಡೆಯಿಂದ ಮೊಳಗಿತು. ಅದು ನನ್ನ ಕಂಠದ ಮಹಿಮೆ ಎಂದುಕೊಂಡೆ. ನಿಜಕ್ಕೂ ಅದು ಅಂಗಳದ ಧ್ವನಿವರ್ಧಕಗಳ ಮಹಿಮೆ. ಹಿಂದಿನ ವಾರದ ಸಮಾರಂಭಕ್ಕೆ ಎಳೆದ ತಂತಿಯನ್ನು ನಿಮ್ಮವರು ಬಿಚ್ಚಲು ಮರೆತಿದ್ದರಂತೆ.

ಹೊರಗೆ ಬಂದರೆ ಕೆಲವರು ನಗುತ್ತಿದ್ದರು, ಕೆಲವರು ಫೋನು ಎತ್ತಿ ಹಿಡಿದಿದ್ದರು. ಬೆಂಚು ಖಾಲಿ. ಅತ್ತೆ ಟಿಕೆಟ್ ಕೊಡುವ ಹೆಂಗಸಿನ ಕೈಹಿಡಿದೆಳೆದುಕೊಂಡು ಕಟ್ಟಡದ ಕೆಳಗಿನ ಹಳೆಯ ಆಶ್ರಯತಾಣಕ್ಕೆ ಇಳಿದಿದ್ದರು. ಅಲ್ಲಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ, ಬಾಯಿ ತೆರೆದು ಕೂತಿದ್ದರು. ಸಿಡಿತಕ್ಕೆ ಕಿವಿ ಒಡೆಯದಿರಲೆಂದು ಆಗ ಹಾಗೆ ಕಲಿಸಿದ್ದರಂತೆ. ಪಾಪ, ಟಿಕೆಟ್ಟಿನವಳೂ ಬಾಯಿ ತೆರೆದೇ ಕೂತಿದ್ದಳು.

“ಅತ್ತೆ, ಅದು ನಾನು ಓದಿದ್ದು. ತಮಾಷೆಗೆ.”

“ನಿಮ್ಮ ದನಿ ಅಂತ ಗೊತ್ತಾಯ್ತು. ಕಾಲು ಕೇಳಬೇಕಲ್ಲ.”

“ಈಗ ಏಳಿ, ಮೇಲೆ ಹೋಗೋಣ.”

“ಅಪಾಯ ಕಳೀತು ಅಂತ ರೇಡಿಯೊದಲ್ಲಿ ಹೇಳೋ ತನಕ ಹೋಗಬಾರದು. ನಮ್ಮಣ್ಣ ಹೋದ.”

ನನ್ನ ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಗೋಡೆ ಹಿಡಿದುಕೊಂಡಳು. ಅವಳಿಗೊಬ್ಬ ಸೋದರಮಾವ ಇದ್ದನೆಂಬುದು ನಮ್ಮಿಬ್ಬರಿಗೂ ತಿಳಿದದ್ದು ಆಗಲೇ.

ಮೇಲಕ್ಕೆ ಓಡಿದೆ. ‘ಅಪಾಯ ಕಳೆದಿದೆ’ ಎಂಬ ಒಕ್ಕಣೆಗಾಗಿ ಮೇಜು, ಗೋಡೆ, ಗಾಜಿನ ಕಪಾಟು ಎಲ್ಲ ಹುಡುಕಿದೆ. ನಿಮ್ಮ ಮಾರ್ಗದರ್ಶಿ ಹೇಳಿದ: “ಅದನ್ನ ಇಟ್ಟಿಲ್ಲ ಸಾರ್. ಜನಕ್ಕೆ ಎಚ್ಚರಿಕೆದೇ ಇಷ್ಟ.”

ಕೊನೆಗೆ ಮೈಕಿನ ಮುಂದೆ ಕೂತೆ. ಬಾಯಿಗೆ ಬಂದದ್ದು ರೂಢಿಯ ಮಾತು: “ಪ್ರಯಾಣಿಕರ ಗಮನಕ್ಕೆ.” ಆಮೇಲೆ ಹೇಗೋ, “ವಿಮಾನಗಳು ಹೋಗಿವೆ. ಅಪಾಯ ಕಳೆದಿದೆ. ಎಲ್ಲರೂ ಮೇಲೆ ಬರಬಹುದು. ಅತ್ತೆ, ಬನ್ನಿ.” ಕಂಚಿನ ಕಂಠವೆಲ್ಲ ತಗಡಾಗಿತ್ತು.

ಅತ್ತೆ ಮೆಟ್ಟಿಲು ಹತ್ತಿ ಬಂದರು. ಮಗಳ ಭುಜ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನಗೆಂದರು: “ಬಸ್ ಸ್ಟ್ಯಾಂಡಲ್ಲೂ ಹೀಗೇ ಓದಿ. ಅರ್ಥ ಆಗುತ್ತೆ.”

ಮಾನ್ಯರೇ, ತಂತಿ ಕತ್ತರಿಸಿ, ಫಲಕ ಬದಲಿಸಿ, ನನ್ನಂಥವರಿಗೆ ಬಾಗಿಲನ್ನೇ ಮುಚ್ಚಿ, ತಕರಾರಿಲ್ಲ. ನನ್ನ ಬೇಡಿಕೆ ಒಂದೇ. ಆ ಎಚ್ಚರಿಕೆಯ ಪಕ್ಕದಲ್ಲಿ ‘ಅಪಾಯ ಕಳೆದಿದೆ’ ಎಂಬ ಘೋಷಣೆಯನ್ನೂ ಇಡಿ. ಹಳೆಯದು ಸಿಗದಿದ್ದರೆ ಹೊಸದಾಗಿ ಬರೆಸಿ. ಮೊದಲನೆಯದನ್ನು ಓದಿದವರು ಎರಡನೆಯದನ್ನೂ ಓದದೆ ಆ ಕುರ್ಚಿ ಬಿಟ್ಟು ಏಳಕೂಡದು ಎಂದು ಆಜ್ಞೆ ಹೊರಡಿಸಿ. ನಮ್ಮತ್ತೆಯಂತೆ ಕೆಳಗೇ ಉಳಿದವರು ಇನ್ನೆಷ್ಟು ಜನವೋ, ತಮಗಾಗಲಿ ನನಗಾಗಲಿ ಏನು ಗೊತ್ತು?

ಇಂತಿ,
ಊರು ನಡುಗಿಸಲು ಹೋಗಿ ಮನೆಯವರನ್ನೇ ನಡುಗಿಸಿದ ಒಬ್ಬ ಅಳಿಯ